ಮನೆ ಕಾಲೇಜು

ಜಿಂಕೆ ಬೇಟೆ ಶುರುವಾಗುವ ದಿನ ನಮ್ಮ ಕಡೆ ಸತ್ತವರನ್ನೂ ಹೂಳುವುದಿಲ್ಲ, ಗುಂಡಿ ತೋಡುವವನೂ ಕಾಡಿನಲ್ಲಿರುತ್ತಾನೆ. ಶಾಲೆಗೆ ರಜೆ, ಬ್ಯಾಂಕಿನಲ್ಲಿ ಒಬ್ಬಳೇ ಹುಡುಗಿ, ಹಲ್ಲಿನ ಡಾಕ್ಟರ ಬಾಗಿಲಿಗೆ ಬೀಗ. ಅಂಥ ದಿನವೇ ನನ್ನ ಸೊಸೆಗೆ ಒಬ್ಬ ಅಧಿಕಾರಿಯ ಸಹಿ ಬೇಕಾಯಿತು.

ಸೊಸೆ ಅಂದೆ. ಕಾನೂನಿನ ಪ್ರಕಾರ ಅವಳೀಗ ನನಗೆ ಏನೂ ಆಗಬೇಕಿಲ್ಲ. ನನ್ನ ಮಗ ಕರ್ಟ್ ಅವಳನ್ನು ಬಿಟ್ಟು, ಗ್ರೀನ್ ಬೇ ಊರಿನಲ್ಲಿ ದೋಣಿ ಮಾರುವ ಒಬ್ಬ ಹೆಂಗಸಿನ ಜೊತೆ ಹೋಗಿ ಆರು ವರ್ಷವಾಯಿತು. ವಿಚ್ಛೇದನದ ಕಾಗದ ಬಂದ ಮೇಲೆ ನನ್ನ ಸೊಸೆ ಕೊಲೆಟ್, ಪೆಲ್ಟೊನೆನ್ ಅನ್ನುವ ನಮ್ಮ ಮನೆತನದ ಹೆಸರನ್ನು ಬಿಟ್ಟು, ಅಪ್ಪನ ಕಡೆಯ ಡುಶೇನ್ ಎಂಬ ಫ್ರೆಂಚ್ ಹೆಸರನ್ನೇ ಮತ್ತೆ ಇಟ್ಟುಕೊಂಡಳು. ಗಂಟುಮೂಟೆ ಕಟ್ಟಿ ಹೊರಡುವವಳೇ ಇದ್ದಳು. ಆ ವಾರವೇ ನಾನು ಸೌನಾದ, ಅಂದರೆ ನಮ್ಮ ಹಬೆ ಸ್ನಾನದ ಮನೆಯ, ಮೆಟ್ಟಿಲ ಮೇಲೆ ಕಟ್ಟಿದ್ದ ಮಂಜುಗಡ್ಡೆಗೆ ಜಾರಿ ಸೊಂಟ ಮುರಿದುಕೊಂಡೆ.

"ನೀವು ಎದ್ದು ಓಡಾಡೋ ತನಕ ಇರ್ತೀನಿ ಅತ್ತೆ," ಅಂದಳು.

ನಾನು ಎದ್ದೆ, ಓಡಾಡಿದೆ. ಅವಳು ಹೋಗುತ್ತೇನೆ ಅನ್ನಲಿಲ್ಲ, ನಾನು ಯಾವಾಗ ಹೋಗುತ್ತೀ ಎಂದು ಕೇಳಲಿಲ್ಲ. ಹೆತ್ತ ಮಗ ಕ್ರಿಸ್ಮಸ್ಸಿಗೊಂದು ಫೋನು ಮಾಡುತ್ತಾನೆ. ಅವನು ಬಿಟ್ಟು ಹೋದವಳು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ಇದಕ್ಕೆ ಏನು ಹೆಸರು ಇಡಬೇಕೋ ನನಗೆ ಗೊತ್ತಿಲ್ಲ, ಊರಿನವರು ಬೇಕಾದಷ್ಟು ಇಟ್ಟಿದ್ದಾರೆ.

ಒಂದು ಸಣ್ಣ ತೊಡಕಿತ್ತು. ರಸ್ತೆ ಬದಿಯ ನಮ್ಮ ಟಪಾಲು ಡಬ್ಬಿಯ ಮೇಲೆ ಪೆಲ್ಟೊನೆನ್ ಅಂತ ಮಾತ್ರ ಇದೆ, ಅದು ತೀರಿಹೋದ ನನ್ನ ಗಂಡ ಬರೆದದ್ದು. ಡುಶೇನ್ ಹೆಸರಿಗೆ ಬಂದ ಮೊದಲ ಕಾಗದಗಳನ್ನು ಟಪಾಲಿನವನು ಇಂಥವರು ಇಲ್ಲಿಲ್ಲ ಎಂದು ವಾಪಸ್ ಕಳಿಸಿದ. ಅಂದಿನಿಂದ ಕೊಲೆಟ್ ಎಲ್ಲಿ ವಿಳಾಸ ಕೊಡಬೇಕಾದರೂ 'ಕೇರ್ ಆಫ್ ಸೈಮಾ ಪೆಲ್ಟೊನೆನ್' ಎಂದು ಬರೆದಳು. ಅವಳಿಗೆ ಅದೇ ರೂಢಿಯಾಯಿತು, ನಾನೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಅವಳಿಗೆ ನಲವತ್ತೊಂದು ವರ್ಷ. ರಾತ್ರಿ ಪಾಳಿಯಲ್ಲಿ ವೃದ್ಧಾಶ್ರಮದಲ್ಲಿ ಆಯಾ ಕೆಲಸ. ಮುದುಕರನ್ನು ಎತ್ತಿ, ಮಗ್ಗುಲು ತಿರುಗಿಸಿ, ಒರೆಸಿ, ಬೆಳಿಗ್ಗೆ ಮನೆಗೆ ಬಂದು ಶೂ ಬಿಚ್ಚುವ ಮುಂಚೆ ಕುರ್ಚಿಯಲ್ಲೇ ನಿದ್ದೆ ಹೋಗುವವಳು. ನಾನು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು, ದಣಿವು ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇವಳ ದಣಿವು ಮೂಳೆಗೆ ಇಳಿದಿತ್ತು. ನರ್ಸ್ ಆದರೆ ಹಗಲು ಪಾಳಿ, ಕೈತುಂಬ ಸಂಬಳ, ಬೆನ್ನಿಗೂ ಆರಾಮ ಎಂದು, ಸರೋವರದ ದಂಡೆಯ ದೊಡ್ಡ ಕಾಲೇಜಿಗೆ ಸೇರಿದಳು. ಆ ಊರು ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ, ಹಿಮ ಬಿದ್ದರೆ ದೇವರಿಗೇ ಗೊತ್ತು. ಪಾಠವೆಲ್ಲ ಕಂಪ್ಯೂಟರಿನಲ್ಲಿ. ಸೂಕ್ಷ್ಮಜೀವಿಗಳ ಪಾಠ ಒಂದು ಮಾತ್ರ ಪ್ರಯೋಗಶಾಲೆಯಲ್ಲೇ ಕೂತು ಕಲಿಯಬೇಕು. ಅದನ್ನು ನಮ್ಮ ಮನೆಗೆ ಹತ್ತಿರವಿರುವ ಸಣ್ಣ ಕಾಲೇಜಿನಲ್ಲಿ ಕಲಿತರೂ ಆಗುತ್ತದೆ, ಎರಡು ಕಾಲೇಜುಗಳೂ ಒಂದು ಒಪ್ಪಂದ ಪತ್ರಕ್ಕೆ ಸಹಿ ಹಾಕಿದರೆ ಸರ್ಕಾರದ ಫೀಸಿನ ನೆರವು ಅದಕ್ಕೂ ಸಿಗುತ್ತದೆ ಅಂದರು.

ಆಗಸ್ಟಿನಲ್ಲಿ ಆ ಪತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ತುಂಬಿದಳು. ಅದರಲ್ಲಿ ಎರಡು ಖಾಲಿ ಜಾಗ. ಒಂದು 'ಮನೆ ಕಾಲೇಜು', ಇನ್ನೊಂದು 'ಆತಿಥ್ಯ ನೀಡುವ ಕಾಲೇಜು'. ಅಷ್ಟುದ್ದದ ಮಾತು ಯಾರಿಗೆ ಬೇಕು ಎಂದು ನಾವು ಅದನ್ನು ನೆಂಟರ ಕಾಲೇಜು ಅಂದೆವು.

"ಮನೆ ಕಾಲೇಜು ಯಾವುದು ಅಂತ ಕೇಳ್ತಿದಾರೆ ಅತ್ತೆ."

"ಇನ್ಯಾವುದು? ಮನೆ ಹತ್ರ ಇರೋದು."

"ನಂಗೂ ಹಾಗೇ ಅನ್ನಿಸ್ತು," ಎಂದು ಸಣ್ಣ ಕಾಲೇಜಿನ ಹೆಸರು ಬರೆದಳು. ದೊಡ್ಡದು ನೆಂಟರ ಜಾಗಕ್ಕೆ ಹೋಯಿತು. ಸಣ್ಣ ಕಾಲೇಜಿನ ನೆರವಿನ ಕಚೇರಿಯವನು ತನ್ನ ಕಾಲೇಜಿನ ಹೆಸರು ಇದ್ದಲ್ಲಿ ಸಹಿ ಹಾಕಿ ಕಳಿಸಿದ. ನಾವು ಕಾಫಿ ಕುಡಿದು ಮರೆತೆವು.

ನವೆಂಬರ್ ಬಂತು. ಚಳಿಗಾಲದ ಅವಧಿಗೆ ಆಸ್ಪತ್ರೆಯ ವಾರ್ಡುಗಳಲ್ಲಿ ನಿಂತು ಕಲಿಯುವ ಸೀಟುಗಳನ್ನು ಹಂಚುವ ಹೊತ್ತು. ಅದು ವರ್ಷಕ್ಕೊಂದು ಸಲ. ಅದು ಸಿಗದಿದ್ದರೆ ಇನ್ನೊಂದು ವರ್ಷ ಮುದುಕರ ಮಗ್ಗುಲು ತಿರುಗಿಸುತ್ತ ಕಾಯಬೇಕು. ಕೊಲೆಟ್ ಬುಧವಾರ ಕಂಪ್ಯೂಟರ್ ತೆರೆದರೆ ಬಾಗಿಲು ಹಾಕಿದೆ: ಫೀಸು ಬಂದಿಲ್ಲ, ಸೀಟು ಕೇಳುವಂತಿಲ್ಲ. ಕೊನೆಯ ದಿನ ಶುಕ್ರವಾರ.

ದೊಡ್ಡ ಕಾಲೇಜಿಗೆ ಫೋನು ಮಾಡಿದಳು. ಯಾವನೋ ಹುಡುಗ ಎತ್ತಿಕೊಂಡು, "ನಿಮ್ಮ ಪತ್ರದಲ್ಲಿ ನಾವು ನೆಂಟರಷ್ಟೇ ಮೇಡಂ. ನೆರವು ಕೊಡೋದು ಮನೆ ಕಾಲೇಜು, ಅವರನ್ನ ಕೇಳಿ," ಅಂದ. ಸಣ್ಣ ಕಾಲೇಜಿಗೆ ಮಾಡಿದಳು. ಅಲ್ಲಿಯ ಹುಡುಗಿ, "ನೀವು ಡಿಗ್ರಿ ಮಾಡ್ತಿರೋದು ಇಲ್ಲಲ್ವಲ್ಲ? ಹಾಗಾದ್ರೆ ನಾವೇ ನೆಂಟರು. ನಿಮ್ಮ ಮನೆ ಕಾಲೇಜನ್ನ ಕೇಳಿ," ಅಂದಳು. ಮತ್ತೆ ಅಲ್ಲಿಗೆ, ಮತ್ತೆ ಇಲ್ಲಿಗೆ. ಬೀಗರಿಬ್ಬರೂ ಹೆಣ್ಣು ನಿಮ್ಮದು, ನೀವೇ ಇಟ್ಟುಕೊಳ್ಳಿ ಎಂದು ಬಾಗಿಲಲ್ಲಿ ನಿಂತು ಹೇಳಿದ ಹಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ; ಇಲ್ಲಿ ಪೂಜಾರಿಗಳೇ ಇಬ್ಬರು.

ಗುರುವಾರ ಬೆಳಿಗ್ಗೆ ದೊಡ್ಡ ಕಾಲೇಜಿನ ನೆರವಿನ ಕಚೇರಿಯ ಓಡೆಗಾರ್ಡ್ ಮೇಡಂ ಸಿಕ್ಕರು. ಕೊಲೆಟ್ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿ ತಲೆ ಹಿಡಿದು ಕೂತಳು. ಆ ಹೆಂಗಸಿನ ದನಿಯೂ ನಮ್ಮ ಹಾಗೇ ಸೋತಿತ್ತು, ಆದರೆ ಕೆಟ್ಟವಳಲ್ಲ.

"ಪತ್ರ ತಲೆಕೆಳಗಾಗಿದೆ ಕಣಮ್ಮ," ಅಂದರು. "ಎಲ್ಲಿ ಕೂತು ಪಾಠ ಕೇಳ್ತೀರಿ ಅನ್ನೋದು ಲೆಕ್ಕಕ್ಕಿಲ್ಲ. ಹತ್ರಾನಾ ದೂರಾನಾ ಅನ್ನೋದೂ ಲೆಕ್ಕಕ್ಕಿಲ್ಲ. ಎಲ್ಲಾ ಮುಗಿದ ಮೇಲೆ ಇವಳು ನಮ್ಮವಳು ಅಂತ ಯಾರು ಹೇಳ್ತಾರೋ ಅದು ಮನೆ ಕಾಲೇಜು. ಉಳಿದಿದ್ದೆಲ್ಲ ನೆಂಟರ ಮನೆ. ಹೋದ್ರಿ, ಕೂತ್ರಿ, ಕಲಿತ್ರಿ, ಬಂದ್ರಿ."

"ಮನೆ ಅಂದ್ರೆ ಮನೆ ಹತ್ರ ಇರೋದು ಅಂದ್ಕೊಂಡೆ ಮೇಡಂ."

"ನೀವೊಬ್ರೇ ಅಲ್ಲ. ಪ್ರತಿ ವರ್ಷ ಯಾರಾದ್ರೂ ಒಬ್ರು ಹಾಗೇ ಬರೀತಾರೆ. ಆ ಪದ ಬದಲಾಯಿಸಿ ಅಂತ ನಾನೂ ಬಡ್ಕೊಂಡು ಸಾಕಾಯ್ತು." ಆಮೇಲೆ ಹೇಳಿದರು: ಹೊಸ ಪತ್ರ ಕಳಿಸುತ್ತೇನೆ, ಮೊದಲು ನೆಂಟರ ಕಾಲೇಜಿನವರು ಸಹಿ ಹಾಕಬೇಕು, ಆಮೇಲೆ ನಾನು. ಫೋನಿನಲ್ಲೇ ಬೆರಳಿನಿಂದ ಹಾಕಿದರೂ ಸಾಕು. ಶುಕ್ರವಾರ ಸಂಜೆ ಕಚೇರಿ ಮುಚ್ಚುವುದರೊಳಗೆ ಬಂದರೆ ಬಾಗಿಲು ತೆಗೆಯಬಲ್ಲೆ, ಅದು ದಾಟಿದರೆ ಸೀಟು ಹಂಚುವವರು ಬೇರೆ, ಅವರು ನನ್ನ ಮಾತು ಕೇಳುವುದಿಲ್ಲ.

ಅವರು ಫೋನಿಟ್ಟ ಮೇಲೆ ನಾನು ಪಾತ್ರೆ ತಿಕ್ಕುತ್ತ ನಿಂತೆ. ಎಲ್ಲಾ ಮುಗಿದ ಮೇಲೆ ಇವಳು ನಮ್ಮವಳು ಅಂತ ಯಾರು ಹೇಳುತ್ತಾರೋ ಅನ್ನುವ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತ್ತು. ಹಾಗಾದರೆ ನಾನು ಏನು? ಆರು ವರ್ಷ ಕೂತದ್ದು ಇಲ್ಲಿ, ಉಂಡದ್ದು ಇಲ್ಲಿ, ಓದಿದ್ದು ಈ ಮೇಜಿನ ಮೇಲೆ. ನರ್ಸ್ ಆದ ದಿನ ದೊಡ್ಡ ಊರು ಕರೆಯುತ್ತದೆ, ಇವಳು ಹೋಗುತ್ತಾಳೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ನಾನೂ ನೆಂಟರ ಕಾಲೇಜೇ. ಹೇಳಿಕೊಳ್ಳಲು ನಾಚಿಕೆ, ಆದರೆ ಸೀಟು ಸಿಗದೇ ಹೋದರೆ ಇನ್ನೊಂದು ವರ್ಷ ಇಲ್ಲೇ ಇರುತ್ತಾಳಲ್ಲ ಅನ್ನುವ ಯೋಚನೆಯೂ ಆಗಲೇ ಬಂತು. ಅದನ್ನು ಪಾತ್ರೆ ತೊಳೆದ ನೀರಿನ ಜೊತೆ ಚೆಲ್ಲಲು ನೋಡಿದೆ, ಹೋಗಲಿಲ್ಲ.

ಮಧ್ಯಾಹ್ನ ಕೊಲೆಟ್ ಸಣ್ಣ ಕಾಲೇಜಿಗೆ ಓಡಿದಳು. ನೆರವಿನ ಕಚೇರಿಯ ಬಾಗಿಲ ಮೇಲೆ ಚೀಟಿ: ಬೇಟೆಯ ಮೊದಲ ದಿನದ ನಿಮಿತ್ತ ರಜೆ, ಸೋಮವಾರ ಬನ್ನಿ. ಸಹಿಯ ಅಧಿಕಾರ ಇರುವವನು ವರ್ನ್ ಕೊಸ್ಕೆಲಾ ಒಬ್ಬನೇ. ಅವನು ಆಗಲೇ ಬಂದೂಕು ಹೇರಿಕೊಂಡು ಕಾಡು ಸೇರಿದ್ದ. ಎಷ್ಟು ಸಲ ಮಾಡಿದರೂ ಅವನ ಫೋನು ಸಿಗಲಿಲ್ಲ.

"ಮುಗೀತು ಅತ್ತೆ," ಎಂದು ಬಂದವಳು, ಅಳಲೂ ಶಕ್ತಿಯಿಲ್ಲದೆ ಕೋಟು ಹಾಕಿಕೊಂಡೇ ಕೂತಳು.

ವರ್ನನ ಬೇಟೆ ಗುಡಿಸಲು ಎಲ್ಲಿದೆ ಎಂದು ನನಗೆ ಗೊತ್ತು. ಅವನಪ್ಪ, ನನ್ನ ಗಂಡ ಸೇರಿ ಕಟ್ಟಿದ ಗುಡಿಸಲು ಅದು. ಯಾವ ನಕ್ಷೆಯಲ್ಲೂ ಇಲ್ಲ, ದಾರಿಗೆ ಹೆಸರೂ ಇಲ್ಲ. ನಾನು ಬಾಯಿ ಬಿಡದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೋಟು ಹಾಕಿಕೊಂಡೇ ಹಾಗೆ ಕೂತವಳನ್ನು ನೋಡಿ ಬಾಯಿ ತಾನಾಗಿ ತೆರೆಯಿತು.

"ನಾಳೆ ಕಾರು ತೆಗಿ. ನಾನೂ ಬರ್ತೀನಿ," ಅಂದೆ.

ಅವಳು ಪಾಳಿ ಮುಗಿಸಿ ಬಂದು ಒಂದಿಷ್ಟು ಮಲಗಿ ಏಳುವಷ್ಟರಲ್ಲಿ ಶುಕ್ರವಾರ ಅರ್ಧ ಹೊತ್ತು ಏರಿತ್ತು. ನಾನು ಮಾಂಸ ತುಂಬಿದ ಕಡುಬಿನಂಥ ನಾಲ್ಕು ಪ್ಯಾಸ್ಟಿ ಬೇಯಿಸಿ ಬಟ್ಟೆಯಲ್ಲಿ ಸುತ್ತಿದ್ದೆ. ಬರಿಗೈಯಲ್ಲಿ ಅಧಿಕಾರಿಯ ಹತ್ತಿರ ಹೋಗುವಷ್ಟು ದಡ್ಡಿ ನಾನಲ್ಲ. ಇಬ್ಬರೂ ಕಿತ್ತಳೆ ಬಣ್ಣದ ಟೋಪಿ, ಕಿತ್ತಳೆ ಅಂಗಿ ತೊಟ್ಟೆವು. ಆ ದಿನ ಜಿಂಕೆಯ ಬಣ್ಣದ ಕಂದು ಕೋಟು ಹಾಕಿಕೊಂಡು ಕಾಡಿಗೆ ಹೋಗುವವರು ಬದುಕಿ ಬೇಸತ್ತವರು ಮಾತ್ರ.

ಟಾರು ಮುಗಿದು ಮಣ್ಣಿನ ದಾರಿ ಬಂತು. ಹಿಮ ತೆಳ್ಳಗೆ ಬಿದ್ದು ಕೆಸರಿನ ಜೊತೆ ಕಲಸಿಹೋಗಿತ್ತು. ಕೊಲೆಟ್ ಸ್ಟೀರಿಂಗ್ ಹಿಡಿದು ಆಕಳಿಸುತ್ತಿದ್ದಳು.

"ಮಾತಾಡ್ತಾ ಇರಿ ಅತ್ತೆ, ನಿದ್ದೆ ಬರುತ್ತೆ."

"ಏನು ಮಾತಾಡ್ಲಿ? ನಿನ್ನ ಗಂಡನ್ನ ಬೈಯ್ಲಾ?"

"ಅದು ಹಳೇದಾಯ್ತು. ಹೊಸದೇನಾದ್ರೂ ಬೈಯಿರಿ."

ಹೊಸದಾಗಿ ಬೈಯಲು ಏನೂ ಹೊಳೆಯದೆ ಪಾದ್ರಿಯ ಹೆಂಡತಿಯ ಕಾಫಿಯನ್ನು ಬೈದೆ. ಅವಳು ನಕ್ಕಳು. ಅಷ್ಟರಲ್ಲಿ ದಾರಿ ಕವಲಾಯಿತು. ಎಡಗಡೆಯದು ಗುಡಿಸಲಿಗೆ. ಬಲಗಡೆಯದು ಮರ ಕಡಿಯುವವರ ಹಳೇ ದಾರಿ. ಜೌಗಿನ ಸುತ್ತ ಸುತ್ತಿ, ಇಡೀ ಮಧ್ಯಾಹ್ನ ತಿಂದು, ಮತ್ತೆ ಟಾರಿಗೇ ತಂದು ಬಿಡುತ್ತದೆ.

ಕೊಲೆಟ್ ಕಾರು ನಿಲ್ಲಿಸಿದಳು. "ಎಡಕ್ಕಾ ಬಲಕ್ಕಾ ಅತ್ತೆ?"

ಬಲಕ್ಕೆ ಅಂದರೆ ಸಾಕು. ಮುದುಕಿಗೆ ದಾರಿ ಮರೆತುಹೋಯಿತು ಅನ್ನುತ್ತಿದ್ದರು, ಯಾರೂ ದೂರುತ್ತಿರಲಿಲ್ಲ, ಅವಳಂತೂ ಖಂಡಿತ ದೂರುತ್ತಿರಲಿಲ್ಲ. ಇನ್ನೊಂದು ಚಳಿಗಾಲ ಮೇಲಿನ ಕೋಣೆಯಲ್ಲಿ ಅವಳ ಹೆಜ್ಜೆ ಸಪ್ಪಳ ಇರುತ್ತಿತ್ತು. ಖಾಲಿ ಮನೆಯಲ್ಲಿ ಒಲೆ ಹೊತ್ತಿಸಿಕೊಂಡು ಒಬ್ಬಳೇ ಕೂರುವುದನ್ನು ನೆನೆದರೆ ನನಗೆ ಭಯವಾಗುತ್ತದೆ. ಸಾವಿಗೂ ಅಷ್ಟು ಹೆದರುವವಳಲ್ಲ ನಾನು.

ಅವಳು ನನ್ನ ಕಡೆ ತಿರುಗಿದಳು. ಕಣ್ಣಿನ ಕೆಳಗೆ ಕಪ್ಪು, ತುಟಿ ಒಡೆದಿತ್ತು, ಕಿತ್ತಳೆ ಟೋಪಿ ಕಿವಿಯ ತನಕ ಇಳಿದಿತ್ತು. ಇನ್ನೊಂದು ವರ್ಷ ಈ ರಾತ್ರಿ ಪಾಳಿ ಮಾಡಿದರೆ ಇವಳು ನನಗಿಂತ ಮುಂಚೆ ಮುದುಕಿಯಾಗುತ್ತಾಳೆ ಅನ್ನಿಸಿತು.

"ಎಡಕ್ಕೆ. ಮೆಲ್ಲಗೆ ಹೋಗು, ಹೊಂಡ ಇದೆ," ಅಂದೆ.

ಗುಡಿಸಲ ಹೊಗೆ ಕಂಡಿತು. ವರ್ನ್ ಊಟಕ್ಕೆಂದು ಕಾಡಿನೊಳಗಿಂದ ಬಂದು ಬಾಗಿಲ ಹೊರಗೆ ಸೌದೆ ಆರಿಸುತ್ತಿದ್ದ. ನಮ್ಮ ಕಾರು ನೋಡಿ ಅವನ ಮುಖ ಬಿಳಿಚಿತು. ಬೇಟೆಯ ದಿನ ಹೆಂಗಸರು ಗುಡಿಸಲಿಗೆ ಬಂದರೆ ಸಾವಿನ ಸುದ್ದಿಯೇ ಇರಬೇಕು.

"ಸೈಮಕ್ಕ? ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣೋ. ನೀನು ಆಫೀಸು ಬಿಟ್ಟು ಹೋಗಿದೀಯ, ಅಷ್ಟೇ."

"ಥೂ, ಎದೆ ಒಡೆದು ಹೋಯ್ತು. ಇವತ್ತು ರಜ ಅಕ್ಕ. ವರ್ಷಕ್ಕೊಂದೇ ಸಲ."

"ಇವಳಿಗೆ ಸೀಟು ಕೊಡೋದೂ ವರ್ಷಕ್ಕೊಂದೇ ಸಲ. ಬಾ ಒಳಗೆ, ಪ್ಯಾಸ್ಟಿ ಆರಿಹೋಗುತ್ತೆ."

ಅವನು ಬಟ್ಟೆಯ ಗಂಟನ್ನು ನೋಡಿದ. "ಗಡ್ಡೆ ಹಾಕಿದೀರಾ? ಕ್ಯಾರೆಟ್ ಅಲ್ವಲ್ಲ?"

"ಕ್ಯಾರೆಟ್ ಹಾಕೋಳ ಹಾಗೆ ಕಾಣ್ತೀನಾ ನಾನು?"

ಒಳಗೆ ಒಲೆಯ ಪಕ್ಕ ಕೂತು ಅವನು ತಿನ್ನುತ್ತಿರುವಾಗ ಕೊಲೆಟ್ ಆಗಸ್ಟಿನ ಪತ್ರವನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ವರ್ನ್ ಕನ್ನಡಕ ಹಣೆಗೇರಿಸಿ ನೋಡಿದ. ನಿಧಾನವಾಗಿ ಅಗಿಯುವುದು ನಿಲ್ಲಿಸಿದ.

"ಅಯ್ಯೋ. ನನ್ನನ್ನ ಮನೆ ಮಾಡ್ಬಿಟ್ಟಿದೀಯಲ್ಲಮ್ಮ."

"ನೀವು ಸಹಿ ಹಾಕಿದ್ರಿ," ಅಂದಳು ಕೊಲೆಟ್. ಸಿಟ್ಟಿನಿಂದಲ್ಲ, ಹಾಗೇ.

"ಹಾಕಿದೆ. ನಮ್ಮ ಹುಡುಗರಿಗೆಲ್ಲ ನಾವೇ ಮನೆ, ಕೈ ತಾನಾಗಿ ಓಡುತ್ತೆ. ಮೂರು ಜನ ಇದ್ದ ಆಫೀಸು, ಈಗ ನಾನೊಬ್ನೇ, ಫೋನೆತ್ತೋಕೆ ಒಂದು ಹುಡುಗಿ. ಓದೋಕೆ ಪುರುಸೊತ್ತು ಎಲ್ಲಿದೆ?" ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಅವನೂ ಸುಸ್ತಾದವನೇ. ಆ ಇಡೀ ಗುಡಿಸಲಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದು ಅವನ ನಾಯಿ ಒಂದೇ.

"ಹೊಸ ಪತ್ರ ನಿನ್ನ ಮೇಲ್‌ಗೆ ಬಂದಿದೆಯಂತೆ. ಬೆರಳಾಡಿಸು, ಹೋಗ್ತೀವಿ," ಅಂದೆ.

"ಇಲ್ಲಿ ಸಿಗ್ನಲ್ ಎಲ್ಲಿದೆ ಅಕ್ಕ? ಅದಕ್ಕೇ ತಾನೆ ಇಲ್ಲಿಗೆ ಬರೋದು."

"ಮತ್ತೆಲ್ಲಿ ಸಿಗುತ್ತೆ?"

"ಜಲ್ಲಿ ಗುಂಡಿ ಹತ್ರ, ದಿಬ್ಬದ ಮೇಲೆ." ಹೊರಗೆ ನೋಡಿದ. ಸಂಜೆಯ ಮುಂಚಿನ ಆ ಹೊತ್ತು ಜಿಂಕೆ ಹೊರಡುವ ಹೊತ್ತು. ಅದಕ್ಕೆಂದೇ ಅವನು ವರ್ಷವೆಲ್ಲ ಆ ಕಚೇರಿಯಲ್ಲಿ ಕೂತಿರುತ್ತಾನೆ. ನನಗೆ ಗೊತ್ತಿತ್ತು. ಅವನು ನಿಟ್ಟುಸಿರು ಬಿಟ್ಟು ಬೂಟು ಹಾಕಿಕೊಂಡ. "ಎರಡನೇ ಕ್ಲಾಸಿನಲ್ಲಿ ನೀವು ಬಟಾಣಿ ತಿನ್ನಿಸಿದಾಗ್ಲೂ ಹೀಗೇ ಎದುರು ನಿಂತಿದ್ರಿ."

"ತಿಂದೆ ತಾನೆ?"

"ತಿಂದೆ."

ಅವನ ಗಾಡಿಯ ಹಿಂದೆ ನಮ್ಮ ಕಾರು ಹೋಯಿತು. ದಿಬ್ಬದ ಮೇಲೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೂವರೂ ನಮ್ಮ ಕಾರಿನಲ್ಲೇ ಕೂತೆವು, ವರ್ನ್ ಹಿಂದಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು. ಅವನು ಕೈಗವಸು ತೆಗೆದು, ಮರಗಟ್ಟಿದ ಬೆರಳನ್ನು ಬಾಯಿಯಿಂದ ಊದಿ ಬಿಸಿ ಮಾಡಿಕೊಂಡು, ಈ ಸಲ ಪ್ರತಿ ಸಾಲನ್ನೂ ಬಾಯಿಬಿಟ್ಟು ಓದಿದ. "ಆತಿಥ್ಯ ನೀಡುವ ಕಾಲೇಜು, ನಾವು. ಮನೆ, ಅವರು. ಸರಿ ತಾನೆ?" ಸಹಿ ಹಾಕಿದ. ಪತ್ರ ಹೋಯಿತು.

ಕೊಲೆಟ್ ಓಡೆಗಾರ್ಡ್ ಮೇಡಂಗೆ ಫೋನು ಹಚ್ಚಿದಳು. ಅವರು ಕಾಯುತ್ತಲೇ ಇದ್ದರು. "ಬಂತು, ಬಂತು. ನಾನೂ ಹಾಕಿದೆ. ಈಗ ಬಾಗಿಲು ತೆಗೆದಿರಬೇಕು, ನೋಡಿ."

ಬಾಗಿಲು ತೆಗೆದಿತ್ತು. ಕೊಲೆಟ್ ಬೆರಳಿನಿಂದ ಪಟ್ಟಿಯನ್ನು ಮೇಲೆ ಕೆಳಗೆ ಎಳೆದಳು. ನಮ್ಮ ಊರಿನ ಆಸ್ಪತ್ರೆಯ ಸೀಟುಗಳು ತುಂಬಿಹೋಗಿದ್ದವು. ಎರಡು ದಿನ ಮುಂಚೆ ಬಾಗಿಲು ತೆಗೆದಿದ್ದರೆ ಸಿಗುತ್ತಿತ್ತೇನೋ. ಉಳಿದದ್ದು ದೊಡ್ಡ ಕಾಲೇಜು ಇರುವ ಊರಿನ ಆಸ್ಪತ್ರೆ ಮಾತ್ರ. ದಿನಾ ಹೋಗಿ ಬರುವ ಮಾತಲ್ಲ ಅದು, ಜನವರಿಯಿಂದ ಅಲ್ಲೇ ಇರಬೇಕು.

ಅವಳ ಬೆರಳು ಆ ಸಾಲಿನ ಮೇಲೆ ನಿಂತಿತು. ನನ್ನ ಕಡೆ ನೋಡಲಿಲ್ಲ. ವರ್ನ್ ಹಿಂದೆ ಕೂತು ಕೆಮ್ಮಿದ.

"ಒತ್ತು," ಅಂದೆ.

"ಅತ್ತೆ..."

"ಒತ್ತು ಅಂದ್ನಲ್ಲ. ಚಾರ್ಜ್ ಮುಗಿದು ಹೋದ್ರೆ ಮತ್ತೆ ಇವನಿಗೆ ಬಟಾಣಿ ತಿನ್ನಿಸ್ಬೇಕಾಗುತ್ತೆ."

ಒತ್ತಿದಳು. ಸೀಟು ಅವಳದಾಯಿತು. ನನಗೆ ಖುಷಿಯಾಯಿತು, ಜನವರಿಗೆ ಇನ್ನೆಷ್ಟು ವಾರ ಎಂದು ಬೆರಳು ಮಡಚಿ ಎಣಿಸಲೂ ಶುರು ಮಾಡಿದೆ. ಎರಡೂ ನಿಜ.

ಓಡೆಗಾರ್ಡ್ ಮೇಡಂ ಇನ್ನೂ ಫೋನಿನಲ್ಲಿದ್ದರು. "ಇನ್ನೊಂದೇ ಒಂದು. ನಿಮ್ಮ ಖಾಯಂ ವಿಳಾಸ ಅಂತ ಇರೋ ಕಡೆ ಕೇರ್ ಆಫ್ ಅಂತ ಇದೆ. ಹೊಸ ಪತ್ರಕ್ಕೆ ಅದು ನಡೆಯಲ್ಲ. ಅದು ಬೇರೆಯವರ ಮನೆ ಅಂತ ಆಗುತ್ತೆ. ಹೇಗಿದ್ರೂ ಜನವರಿಯಿಂದ ಈ ಊರಲ್ಲೇ ಇರ್ತೀರಿ, ಇಲ್ಲಿಯದೇ ಹಾಕೋಣ್ವಾ?"

ನಾನು ಕಿಟಕಿಯಾಚೆ ಜಲ್ಲಿಯ ರಾಶಿ ನೋಡುತ್ತಿದ್ದೆ. ಹೂಂ ಅನ್ನು ಎಂದು ಮನಸ್ಸಿನಲ್ಲೇ ಅಂದೆ, ಬೇಗ ಹೇಳಿ ಮುಗಿಸು.

"ಬೇಡ ಮೇಡಂ," ಅಂದಳು ಕೊಲೆಟ್. "ಅಲ್ಲಿ ಸುಮ್ನೆ ಇರೋದು, ಕಲಿಯೋಕೆ. ವಿಳಾಸ ಅದೇ ಇರ್ಲಿ. ಕೇರ್ ಆಫ್ ತೆಗೀರಿ."

"ಬರೀ ನಿಮ್ಮ ಹೆಸರು, ಅದೇ ಮನೆ?"

"ಹೌದು. ಅದೇ ಮನೆ."

ವಾಪಸ್ ಬರುವಾಗ ಕಾರಿನಲ್ಲಿ ಪಾದ್ರಿಯ ಹೆಂಡತಿಯ ಕಾಫಿಯನ್ನೇ ಮತ್ತೆ ಬೈದೆ. ಬೇರೇನಾದರೂ ಮಾತಾಡಿದ್ದರೆ ನಾನು ಅಳುತ್ತಿದ್ದೆ, ಅದು ನಮ್ಮ ಜನರಿಗೆ ಅಭ್ಯಾಸವಿಲ್ಲ. ಮನೆ ತಲುಪಿದ ಮೇಲೆ ಕೊಲೆಟ್ ಪಾಳಿಗೆ ಮುಂಚೆ ಒಂದು ಗಳಿಗೆ ಒರಗುತ್ತೇನೆ ಎಂದು ಮೇಲೆ ಹೋದಳು.

ನಾನು ಗ್ಯಾರೇಜಿಗೆ ಹೋದೆ. ಜಮೀನಿನ ಗಡಿಯ ಮರಗಳಿಗೆ ಗುರುತು ಹಚ್ಚಲು ನನ್ನ ಗಂಡ ಇಟ್ಟುಕೊಂಡಿದ್ದ ಕಿತ್ತಳೆ ಬಣ್ಣದ ಡಬ್ಬಿ ಇನ್ನೂ ಅಲ್ಲಿತ್ತು. ಮೇಲೆ ಕೆನೆಗಟ್ಟಿತ್ತು, ಕಡ್ಡಿ ಹಾಕಿ ತಿರುವಿದರೆ ಕೆಳಗಿನದು ಸರಿಯಾಗಿತ್ತು. ಕುಂಚ ಹಿಡಿದು ರಸ್ತೆ ಬದಿಗೆ ನಡೆದೆ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಟಪಾಲು ಡಬ್ಬಿಯ ಮೇಲಿನ ಹಿಮವನ್ನು ತೋಳಿನಿಂದ ಒರೆಸಿ, ಪೆಲ್ಟೊನೆನ್ ಅನ್ನುವುದರ ಕೆಳಗೆ ಡುಶೇನ್ ಎಂದು ಬರೆಯಲು ಶುರು ಮಾಡಿದೆ. ಚಳಿಗೆ ಬಣ್ಣ ಗಂಜಿಯ ಹಾಗೆ ಮಂದವಾಗಿತ್ತು. ಗಂಡನ ಅಕ್ಷರಗಳು ಸಾಲಾಗಿ ಕೂತಿವೆ, ನನ್ನವು ಕುಡಿದು ಬಂದವರ ಹಾಗೆ ಒಂದರ ಮೇಲೊಂದು ವಾಲಿದವು.

ಹಿಂದೆ ಹಿಮದ ಮೇಲೆ ಹೆಜ್ಜೆ ಸಪ್ಪಳವಾಯಿತು.

"ಈ ಚಳೀಲಿ ಏನ್ ಮಾಡ್ತಿದೀರಿ ಅತ್ತೆ? ಸೊಂಟ ಮತ್ತೆ ಮುರ್ಕೋಬೇಕಾ?"

"ಕೇರ್ ಆಫ್ ತೆಗಿ ಅಂದೆಯಲ್ಲ. ಟಪಾಲಿನವನು ಮತ್ತೆ ವಾಪಸ್ ಕಳಿಸಿದ್ರೆ?"

ಅವಳು ಕೋಟಿನ ಕಾಲರು ಹಿಡಿದುಕೊಂಡು ಬಗ್ಗಿ ನೋಡಿದಳು. ಮೂಗು ಒರೆಸಿಕೊಂಡಳು.

"ಒಂದಕ್ಷರ ಬಿಟ್ಟಿದೀರಿ," ಅಂದಳು.

"ಎಲ್ಲಿ?"

"ನಡುವೆ. ಹೇಳುವಾಗ ಕೇಳ್ಸಲ್ಲ, ಬರೆಯುವಾಗ ಇರುತ್ತೆ."

"ಕೇಳಿಸದ ಅಕ್ಷರ ಯಾಕೆ ಇಟ್ಕೋಬೇಕು? ಫ್ರೆಂಚರಿಗೆ ಬೇರೆ ಕೆಲಸ ಇಲ್ಲ."

ಕೊಲೆಟ್ ನನ್ನ ಕೈಯಿಂದ ಕುಂಚ ತೆಗೆದುಕೊಂಡಳು. ಮಂಡಿಯೂರಿ, ಎರಡು ಅಕ್ಷರಗಳ ನಡುವೆ ಇದ್ದ ಅಷ್ಟಿಷ್ಟು ಜಾಗದಲ್ಲಿ, ಬಿಟ್ಟುಹೋಗಿದ್ದನ್ನು ಹೇಗೋ ತೂರಿಸಿ ಬರೆದಳು. ನಾನು ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.